ಉಸಿರು ಸಾಲದ ಆಳದಿಂದ ಒಂದು ರಾತ್ರಿಯ ಏರು

ರೋಹಿಣಿ ಮಳೆ ಹೂಡುವ ದಿನಗಳು. ಸಂಜೆ ಆರೂವರೆ. ಮಲ್ಪೆಯಿಂದ ಪಡುವಣಕ್ಕೆ ಹೋಗಿ, ದಡ ಕಣ್ಮರೆಯಾಗಿ ಎಷ್ಟೋ ಹೊತ್ತಾದ ಮೇಲೆ, ಖಂಡಾವರಣ ಮುಗಿದು ಕಡಲತಳ ಕುಸಿಯತೊಡಗುವ ಅಂಚು ಸಿಗುತ್ತದೆ. ಅಲ್ಲಿ ನೀರಿನ 250 ಮೀಟರ್ ಕೆಳಗೆ, ಐದು ಸೆಂಟಿಮೀಟರ್ ಉದ್ದದ ಒಂದು ಹೆಣ್ಣು ಮೀನು ಅಲುಗದೆ ನಿಂತಿದೆ. ಬೆಳಗಿನಿಂದಲೂ ಹೀಗೇ. ಸುತ್ತ ಅದರಂಥವೇ ಸಾವಿರ ಸಾವಿರ ಮೀನುಗಳು. ಒಂದೂ ಮಿಸುಕುತ್ತಿಲ್ಲ. ಮಿಸುಕಿದರೆ ಉಸಿರು ಖರ್ಚಾಗುತ್ತದೆ, ಮತ್ತು ಈ ನೀರಿನಲ್ಲಿ ಖರ್ಚಿಗೆ ಉಸಿರೇ ಇಲ್ಲ.

ಹಸಿವು ಹೊಟ್ಟೆಯನ್ನು ಕಿವುಚುತ್ತಿದೆ. ಊಟವಿರುವುದು ಮೇಲೆ. ಮೇಲೆ ಇನ್ನೂ ಬೆಳಕಿದೆ, ಬೆಳಕಿರುವ ತನಕ ಅಲ್ಲಿ ಸಾವಿದೆ. ಕಾಯಬೇಕು.

ಇದು ಲಾಟೀನು ಮೀನು. ವಿಜ್ಞಾನಿಗಳು ಬೆಂಥೊಸೀಮಾ ಟೆರೋಟಮ್ ಎನ್ನುತ್ತಾರೆ. ಎಷ್ಟೇ ಬೆಳೆದರೂ ಏಳು ಸೆಂಟಿಮೀಟರಿನ ಆಸುಪಾಸು, ಆಯುಸ್ಸು ಹೆಚ್ಚೆಂದರೆ ಒಂದು ವರ್ಷ. ಒಂದು ಮೀನನ್ನೇ ಬೆನ್ನುಹತ್ತಿ ಯಾರೂ ಇಡೀ ರಾತ್ರಿ ಕಳೆದಿಲ್ಲ. ಬಲೆ, ಸೋನಾರು, ಆಳಕ್ಕಿಳಿಯುವ ಕ್ಯಾಮೆರಾಗಳು ಕಂಡದ್ದನ್ನೆಲ್ಲ ಒಂದೇ ಮೀನಿನ ಒಂದೇ ರಾತ್ರಿಗೆ ಹೆಣೆದು ಇಲ್ಲಿ ಹೇಳುತ್ತಿದ್ದೇನೆ. ಆಳಸಮುದ್ರದ ಮೀನೆಂದರೆ ಪತ್ರಿಕೆಗಳು ಕೋರೆಹಲ್ಲಿನ, ಹಣೆಯ ಮೇಲೆ ಗಾಳದ ದೀಪ ಹೊತ್ತ ರಾಕ್ಷಸನ ಚಿತ್ರವನ್ನೇ ಅಚ್ಚು ಹಾಕುತ್ತವೆ. ಅಂಥವು ಇವೆ, ಆದರೆ ವಿರಳ. ಆಳದ ನಿಜವಾದ ಪ್ರಜೆಗಳು ಇಂಥ ಬಡಪಾಯಿಗಳು.

ರೂಪ ನೋಡಿ. ಮೊಂಡು ಮೂತಿ. ತಲೆಯ ಬಹುಪಾಲನ್ನು ಕಣ್ಣುಗಳೇ ನುಂಗಿವೆ. ಮಸುಕು ನೀಲಿಯ ಕೊನೆಯ ಕಿರಣವನ್ನೂ ಬಿಡದೆ ಹಿಡಿಯುವ ಕಣ್ಣುಗಳು. ಬಾಯಿ ಸೀಳಿದಂತೆ ಕಣ್ಣಿನ ಹಿಂದಿನವರೆಗೂ ಹೋಗಿದೆ. ಮೈಗೆ ಬೆಳ್ಳಿಯ ಹುರುಪೆ, ಮುಟ್ಟಿದರೆ ಉದುರುವಷ್ಟು ಸಡಿಲ. ಬಲೆಗೆ ಸಿಕ್ಕಿ ಮೇಲೆ ಬರುವ ಹೊತ್ತಿಗೆ ಬಹಳಷ್ಟು ಮೀನುಗಳು ಹುರುಪೆ ಕಳಚಿ ಬೆತ್ತಲಾಗಿರುತ್ತವೆ, ಹಾಗಾಗಿ ಗಾಜಿನ ಸೀಸೆಯಲ್ಲಿರುವ ಮಾದರಿ ನೋಡಿದವರಿಗೆ ಅದರ ನಿಜವಾದ ಚಂದ ಗೊತ್ತೇ ಆಗುವುದಿಲ್ಲ. ಬೆನ್ನಿನ ಹಿಂಭಾಗದಲ್ಲಿ ಒಂದು ಪುಟ್ಟ ಮಾಂಸದ ರೆಕ್ಕೆ, ಕವಲೊಡೆದ ಬಾಲ. ಇನ್ನು ಹೊಟ್ಟೆಯ ಕೆಳಗೆ, ಪಕ್ಕೆಗಳುದ್ದಕ್ಕೂ, ಮುತ್ತಿನ ಗುಂಡಿ ಹೊಲಿದಂತೆ ಸಾಲುಸಾಲು ದೀಪಗಳು. ಪ್ರತಿ ದೀಪಕ್ಕೂ ಹಿಂದೊಂದು ಕನ್ನಡಿ, ಮುಂದೊಂದು ಮಸೂರ. ಈ ಸಾಲುಗಳ ಜೋಡಣೆ ಪ್ರಭೇದಕ್ಕೊಂದು ಬಗೆ. ಒಂದು ಲಾಟೀನು ಮೀನನ್ನು ಇನ್ನೊಂದರಿಂದ ಬೇರ್ಪಡಿಸಲು ವಿಜ್ಞಾನಿಗಳು ಈ ದೀಪಗಳನ್ನೇ ಎಣಿಸುತ್ತಾರೆ.

ಮುಂಗಾರಿಗೆ ಮುಂಚೆ ಚಿಕ್ಕಮಗಳೂರಿನ ಬಳಿಯ ಮಲ್ಲಂದೂರಿನ ತೋಟಗಳಲ್ಲಿ ಮಿಂಚುಹುಳಗಳ ಜಾತ್ರೆ ನೆರೆಯುತ್ತದಲ್ಲ, ಆ ಬೆಳಕಿಗೂ ಇದಕ್ಕೂ ರಾಸಾಯನಿಕ ನಂಟಿಲ್ಲ. ಹುಳದ ಎಣ್ಣೆಯೇ ಬೇರೆ, ಮೀನಿನ ಎಣ್ಣೆಯೇ ಬೇರೆ. ಉದ್ದೇಶವೂ ತಿರುಗುಮುರುಗು. ಮಿಂಚುಹುಳ ಹೊಳೆಯುವುದು ಕಾಣಿಸಿಕೊಳ್ಳಲು, ಈ ಮೀನು ಹೊಟ್ಟೆಯ ದೀಪ ಹಚ್ಚುವುದು ಮಾಯವಾಗಲು. ಕೆಳಗಿನಿಂದ ಬೇಟೆಗಾರ ತಲೆಯೆತ್ತಿ ನೋಡಿದಾಗ ಮೇಲಿನ ಮಂಕು ಬೆಳಕಿಗೆ ಅಡ್ಡವಾಗಿ ಕಪ್ಪು ನೆರಳು ಕಾಣಬೇಕು. ಆ ನೆರಳನ್ನು ಮೀನು ತನ್ನ ಬೆಳಕಿನಿಂದ ತುಂಬಿ ಅಳಿಸುತ್ತದೆ. ಮೇಲಿನ ಬೆಳಕು ಹೆಚ್ಚಿದರೆ ದೀಪವೂ ಹೆಚ್ಚು, ತಗ್ಗಿದರೆ ತಗ್ಗು. ಲೆಕ್ಕ ತಪ್ಪಿದ ದಿನವೇ ಅದರ ಕೊನೆಯ ದಿನ.

ಇದಿರುವ ಜಾಗದ ಅಂದಾಜು ಕಡಲ ಕಡೆಯವರಿಗಿಂತ ಬೆಟ್ಟದವರಿಗೆ ಸುಲಭವಾಗಿ ಸಿಗುತ್ತದೆ. ಮುಳ್ಳಯ್ಯನಗಿರಿಯ ತುದಿ ಸಮುದ್ರಮಟ್ಟದಿಂದ 1,930 ಮೀಟರ್. ಕಡಲ ಮೇಲ್ಮೈಯನ್ನೇ ಎತ್ತಿ ಆ ತುದಿಗೆ ಇಟ್ಟುಬಿಡಿ. ಮಲ್ಲಂದೂರಿನ ಕಾಫಿ ತೋಟ, ಸಿಲ್ವರ್ ಓಕ್, ಮುತ್ತೋಡಿಗೆ ಹೋಗುವ ರಸ್ತೆ ಎಲ್ಲ ನೀರಡಿ. ತುದಿಯಿಂದ ನೂರು ಮೀಟರ್ ಇಳಿಯುವಷ್ಟರಲ್ಲಿ ಹಸಿರು ಬಣ್ಣ ಸತ್ತು ನೀಲಿ ಉಳಿಯುತ್ತದೆ. ಇನ್ನೂರಕ್ಕೆ ಮುಸ್ಸಂಜೆ. ನಮ್ಮ ಮೀನು ಅದಕ್ಕೂ ಐವತ್ತು ಮೀಟರ್ ಕೆಳಗೆ. ಚಿಕ್ಕಮಗಳೂರು ಪೇಟೆ ಆ ಲೆಕ್ಕದಲ್ಲಿ ಎಂಟುನೂರು ಮೀಟರಿಗೂ ಆಳ, ಹಗಲಿಗೂ ರಾತ್ರಿಗೂ ಹೆಚ್ಚು ವ್ಯತ್ಯಾಸವಿಲ್ಲದ ಕತ್ತಲೆ. ಮಂಗಳೂರಿನ ಕಡಲದಂಡೆಯ ಮಟ್ಟಕ್ಕೆ ಇಳಿದರೂ ಅರಬ್ಬಿಯ ತಳ ಮುಟ್ಟಿರುವುದಿಲ್ಲ. ನಡುಗಡಲಿನಲ್ಲಿ ಅದು ಮೂರು ಸಾವಿರ ಮೀಟರಿಗೂ ಕೆಳಗಿದೆ.

ಆಳಕ್ಕಿಂತಲೂ ಭಯಂಕರವಾದದ್ದು ಆ ನೀರಿನ ಗುಣ. ಅರಬ್ಬಿ ಸಮುದ್ರಕ್ಕೆ ಉತ್ತರದಲ್ಲಿ ನೆಲ ಅಡ್ಡಗಟ್ಟಿದೆ. ಆಳದ ನೀರು ಬದಲಾಗುವುದು ನಿಧಾನ. ಮೇಲ್ಗಡೆ ಮುಂಗಾರಿನಲ್ಲಿ ತೇಲುಜೀವಿಗಳ ಸುಗ್ಗಿ ನಡೆಯುತ್ತದೆ, ಸತ್ತದ್ದೆಲ್ಲ ಕೆಳಗಿಳಿಯುತ್ತದೆ, ಅದನ್ನು ಕೊಳೆಸುವ ಬ್ಯಾಕ್ಟೀರಿಯಾಗಳು ಇದ್ದಬದ್ದ ಆಮ್ಲಜನಕವನ್ನೆಲ್ಲ ಹೀರಿಬಿಡುತ್ತವೆ. ಹಾಗಾಗಿ ಸುಮಾರು 150 ಮೀಟರಿನಿಂದ ಸಾವಿರ ಮೀಟರಿನವರೆಗೆ ಉಸಿರಿಲ್ಲದ ಒಂದು ದಪ್ಪ ಪದರ. ಜಗತ್ತಿನ ಇಂಥ ಪದರಗಳಲ್ಲಿ ಅರಬ್ಬಿಯದು ಅತ್ಯಂತ ದಟ್ಟವಾದವುಗಳಲ್ಲೊಂದು. ಮೀನು ನಿಂತಿರುವಲ್ಲಿ ಮೇಲ್ಮೈಯ ಆಮ್ಲಜನಕದ ಹತ್ತರಲ್ಲೊಂದು ಪಾಲೂ ಸಿಗುವುದಿಲ್ಲ. ಒತ್ತಡ ಮೇಲಿನದಕ್ಕಿಂತ ಇಪ್ಪತ್ತಾರು ಪಟ್ಟು. ನೀರಿನ ಬಿಸಿ 14 ಡಿಗ್ರಿಯ ಆಸುಪಾಸು.

ಇಂಥಲ್ಲಿ ಯಾಕಿರಬೇಕು? ಹಗಲಿನಲ್ಲಿ ಟ್ಯೂನಾ ಇಲ್ಲಿಗೆ ಬರಲಾರದು, ಅದಕ್ಕೇ. ಟ್ಯೂನಾ ಸದಾ ಓಡುವ ಮೀನು, ಅದರ ಬಿಸಿ ಸ್ನಾಯುಗಳಿಗೆ ರಾಶಿ ಆಮ್ಲಜನಕ ಬೇಕು. ಈ ಪದರದ ಹೊಸ್ತಿಲಿಗೆ ಬಂದು ತಿರುಗಿಬಿಡುತ್ತದೆ. ಶತ್ರುವಿಗೆ ಉಸಿರಾಡಲಾಗದ ಜಾಗದಲ್ಲಿ ತಾನು ಅರೆಯುಸಿರಿನಲ್ಲಿ ಬದುಕುವುದು, ಇದೇ ಈ ಮೀನಿನ ಯುದ್ಧತಂತ್ರ. ಕೋಟೆಯ ಗೋಡೆಯೇ ಉಸಿರುಕಟ್ಟು. ಬಾಡಿಗೆ ಮಾತ್ರ ದುಬಾರಿ, ದಿನವಿಡೀ ಹಸಿದು ಕಲ್ಲಿನಂತೆ ನಿಲ್ಲಬೇಕು. ಆಳಕ್ಕಿಳಿದ ಸಬ್‌ಮರ್ಸಿಬಲ್‌ಗಳಿಂದ ನೋಡಿದವರು ಲಾಟೀನು ಮೀನುಗಳು ತಲೆ ಮೇಲಾಗಿಯೋ ಕೆಳಗಾಗಿಯೋ ಜಡವಾಗಿ ತೂಗುಬಿದ್ದಿರುವುದನ್ನು ಬರೆದಿಟ್ಟಿದ್ದಾರೆ.

ಆರೂಮುಕ್ಕಾಲು. ನೀಲಿ ಒಂದು ಎಳೆ ಕಡಿಮೆಯಾಯಿತು.

ಮೀನು ಬಾಲ ಬಡಿಯಿತು. ಪಕ್ಕದ್ದೂ ಬಡಿಯಿತು. ಕ್ಷಣದಲ್ಲಿ ಇಡೀ ಪದರ ಮೇಲಕ್ಕೆ ಹೊರಟಿತು. ಗಡಿಯಾರ ಬೇಕಿಲ್ಲ, ಬೆಳಕೇ ಗಡಿಯಾರ. ತನಗೆ ಒಗ್ಗಿದ ಒಂದು ಮಬ್ಬಿನ ಮಟ್ಟವಿದೆ. ಸೂರ್ಯ ಇಳಿದಂತೆ ಆ ಮಬ್ಬು ಮೇಲಕ್ಕೇರುತ್ತದೆ, ಮೀನು ಅದರ ಬೆನ್ನಿಗಂಟಿಕೊಂಡೇ ಏರುತ್ತದೆ. ಅವಸರಪಟ್ಟು ಮುಂದೆ ಹೋದರೆ ಬೆಳಕಿನಲ್ಲಿ ಸಿಕ್ಕಿಬೀಳುತ್ತದೆ, ಹಿಂದುಳಿದರೆ ಊಟ ತಪ್ಪುತ್ತದೆ. ಸೆಕೆಂಡಿಗೆ ಐದು ಸೆಂಟಿಮೀಟರ್ ಎಂದು ಹಿಡಿದರೂ ಎಂಬತ್ತಮೂರು ನಿಮಿಷದ ದಾರಿ. ತನ್ನ ಮೈಯ ಐದು ಸಾವಿರ ಪಟ್ಟು. ಐದೂವರೆ ಅಡಿಯ ಮನುಷ್ಯ ಅದೇ ಪ್ರಮಾಣದಲ್ಲಿ ಹತ್ತಬೇಕೆಂದರೆ, ಸಮುದ್ರಮಟ್ಟದಿಂದ ಮುಳ್ಳಯ್ಯನಗಿರಿಯ ತುದಿಯವರೆಗಿನ ಎತ್ತರವನ್ನು ನಾಲ್ಕು ಸಲಕ್ಕಿಂತ ಹೆಚ್ಚು, ನೆಟ್ಟಗೆ, ಒಂದೇ ಉಸಿರಿಗೆ ಏರಬೇಕು. ಅದೂ ಪ್ರತಿ ಸಂಜೆ.

ಏರುತ್ತ ಏರುತ್ತ ಒತ್ತಡ ಬಿಡುತ್ತದೆ. ಹೊಟ್ಟೆಯೊಳಗಿನ ಗಾಳಿಚೀಲ ಹಿಗ್ಗತೊಡಗುತ್ತದೆ. ತಡೆಯದಿದ್ದರೆ ಒಡಲನ್ನೇ ಒಳಗಿನಿಂದ ಒತ್ತೀತು. ಆ ಗಾಳಿಯನ್ನು ರಕ್ತಕ್ಕೆ ಹೀರಿಕೊಳ್ಳುತ್ತಲೇ ಹತ್ತಬೇಕು. ಇನ್ನೂರು ಮೀಟರ್. ನೂರೈವತ್ತು. ಇದ್ದಕ್ಕಿದ್ದಂತೆ ಕಿವಿರುಗಳಿಗೆ ಆಮ್ಲಜನಕ ತಾಗಿತು! ದಿನವಿಡೀ ಕಟ್ಟಿಟ್ಟಿದ್ದ ಉಸಿರು ಈಗ ಬಿಚ್ಚಿಕೊಂಡಿತು. ಕೋಟೆಯಿಂದ ಹೊರಬಿದ್ದದ್ದೂ ಇದೇ ಕ್ಷಣದಲ್ಲಿ.

ಈ ಏರಾಟ ಮನುಷ್ಯನ ಕಿವಿಗೆ ಬಿದ್ದದ್ದು ಯುದ್ಧದ ನಡುವೆ. 1942ರಲ್ಲಿ ಸ್ಯಾನ್ ಡಿಯಾಗೋ ಬಳಿಯ ಸಮುದ್ರದಲ್ಲಿ ಜಲಾಂತರ್ಗಾಮಿಗಳನ್ನು ಪತ್ತೆ ಹಚ್ಚಲು ಅಮೆರಿಕದ ನೌಕಾಪಡೆಗಾಗಿ ದುಡಿಯುತ್ತಿದ್ದ ವಿಜ್ಞಾನಿಗಳು ನೀರಿಗೆ ಶಬ್ದ ಬಿಟ್ಟು ಪ್ರತಿಧ್ವನಿ ಕೇಳುತ್ತಿದ್ದರು. ತಳ ಇನ್ನೂ ಎಷ್ಟೋ ಕೆಳಗಿರುವಾಗಲೇ ನಡುನೀರಿನಲ್ಲಿ ಇನ್ನೊಂದು ತಳ ಇದ್ದಂತೆ ಪ್ರತಿಧ್ವನಿ ಬಂತು. 1945ರಲ್ಲಿ ಸ್ಕ್ರಿಪ್ಸ್ ಸಂಸ್ಥೆಯ ಮಾರ್ಟಿನ್ ಜಾನ್ಸನ್ ಆ ಸುಳ್ಳುತಳ ಸಂಜೆಗೆ ಏರಿ ಬೆಳಗಿಗೆ ಇಳಿಯುವುದನ್ನು ತೋರಿಸಿದರು. ಬಂಡೆ ಏರಿಳಿಯುವುದಿಲ್ಲ, ಏರಿಳಿಯುವುದು ಜೀವ. ಲಕ್ಷೋಪಲಕ್ಷ ಪುಟ್ಟ ಗಾಳಿಚೀಲಗಳು ಶಬ್ದವನ್ನು ಹಿಂದಕ್ಕೆ ಎಸೆಯುತ್ತಿದ್ದವು. ಅರಬ್ಬಿಯಲ್ಲಿ ಎಪ್ಪತ್ತರ ದಶಕದ ನಡುವಿನಿಂದ ಸಮೀಕ್ಷೆ ನಡೆಸಿದ ನಾರ್ವೆಯ ಹಡಗು ಡಾ. ಫ್ರಿಜೋಫ್ ನಾನ್ಸೆನ್ ಇಂಥ ಪದರಗಳನ್ನು ಅಳೆಯಿತು. ಸಮುದ್ರದ ಉತ್ತರ, ಪಶ್ಚಿಮ ಭಾಗಗಳಲ್ಲಿ ಇಂಥ ನಡುನೀರಿನ ಸಣ್ಣ ಮೀನು ಸುಮಾರು 10 ಕೋಟಿ ಟನ್ ಇರಬಹುದು, ಅದರಲ್ಲಿ ಬೆಂಥೊಸೀಮಾದ್ದೇ ಮೇಲುಗೈ ಎಂಬ ಅಂದಾಜು ಆ ಸಮೀಕ್ಷೆಗಳಿಂದ ಹೊರಟಿತು. ಅಂಕಿ ಹೆಚ್ಚಾಯಿತೆಂದು ಆಮೇಲೆ ತಕರಾರೂ ಎದ್ದಿತು. ಅರ್ಧಕ್ಕೆ ಇಳಿಸಿದರೂ ದಿಗಿಲು ಹುಟ್ಟಿಸುವ ಸಂಖ್ಯೆಯೇ. ಜಗತ್ತಿನ ಎಲ್ಲ ಸಮುದ್ರಗಳಿಂದ ವರ್ಷಕ್ಕೆ ಹಿಡಿಯುವ ಮೀನು ಒಟ್ಟು ಎಂಟು ಕೋಟಿ ಟನ್ ಆಸುಪಾಸು. ನಮ್ಮ ಕಡೆಯ ನೀರಿನಲ್ಲಿ ಈ ಪದರಗಳ ಹಿಂದೆ ಬಿದ್ದದ್ದು 1984ರಲ್ಲಿ ಡೆನ್ಮಾರ್ಕಿನಲ್ಲಿ ಕಟ್ಟಿದ ಸಾಗರ ಸಂಪದ ಹಡಗು.

ಇಷ್ಟಿದ್ದರೂ ಚಾರ್ಮಾಡಿ ಘಾಟಿ ಹತ್ತಿ ಬರುವ ಮೀನಿನ ಗಾಡಿಯಲ್ಲಿ ಬಂಗುಡೆ, ಬೂತಾಯಿ ಇರುತ್ತವೆಯೇ ಹೊರತು ಇದು ಇರುವುದಿಲ್ಲ. ಆಳದ ಸೀಗಡಿಗೆ ಬೀಸಿದ ಬಲೆಯಲ್ಲಿ ಲಾಟೀನು ಮೀನುಗಳು ಬಂದರೂ ಯಾರ ಮೀನುಸಾರಿಗೂ ಅವು ಬೇಡ. ಮೀನುಪುಡಿಯೇ ಗತಿ.

ಎಂಟೂಕಾಲು. ಮೇಲಿನ ಮೂವತ್ತು ಮೀಟರ್. ನೀರು 30 ಡಿಗ್ರಿಯ ಹತ್ತಿರ, ಬೆಚ್ಚಗೆ. ತೇಲುಜೀವಿಗಳೂ ಕತ್ತಲು ನೋಡಿಕೊಂಡೇ ಮೇಲೆ ಬಂದಿವೆ. ಅಕ್ಕಿನುಚ್ಚಿಗಿಂತ ಸಣ್ಣ ಕೊಪಿಪಾಡ್‌ಗಳು. ಮೀನು ಒಂದನ್ನು ಕಂಡಿತು, ನುಂಗಿತು. ಇನ್ನೊಂದು. ಮತ್ತೊಂದು. ಕಣ್ಣಿಗೆ ಕಂಡದ್ದನ್ನೆಲ್ಲ ಒಂದೊಂದಾಗಿ ಹೆಕ್ಕಿ ತಿನ್ನಬೇಕು, ಬೆಳಗಿನೊಳಗೆ ಹೊಟ್ಟೆ ತುಂಬಬೇಕು. ಹೊಟ್ಟೆಯೊಳಗೆ ಮೊಟ್ಟೆಗಳು ಬಲಿಯುತ್ತಿವೆ.

ಆಗ ಎಡಗಡೆ ಒಂದು ಗುಂಪು ಚೆಲ್ಲಾಪಿಲ್ಲಿಯಾಯಿತು.

ಬೊಂಡಾಸ್! ನಮ್ಮ ಮೀನುಮಾರುಕಟ್ಟೆಗಳಲ್ಲಿ ಕಾಣುವ ಗಾತ್ರದ್ದಲ್ಲ. ಇದು ಅರಬ್ಬಿ ನಡುಗಡಲಿನ ನೇರಳೆಬೆನ್ನಿನ ಹಾರುವ ಬೊಂಡಾಸ್ (ಸ್ಕ್ವಿಡ್). ಇದರ ದೈತ್ಯ ಬಗೆಯಲ್ಲಿ ಮೈಚೀಲವೇ ಎರಡು ಅಡಿ ದಾಟುತ್ತದೆ. ಹಿಂಬದಿಯಾಗಿ ನೀರು ಚಿಮ್ಮಿಸಿ ಬಾಣದಂತೆ ಬರುತ್ತದೆ, ತೋಳು ಚಾಚುತ್ತದೆ, ಮುಗಿಯಿತು. ಲಾಟೀನು ಮೀನೇ ಅದರ ನಿತ್ಯದ ಊಟ. ಅದರ ಜೊತೆಗೆ ಇನ್ನೂ ಯಾರು ಯಾರೋ. ಟ್ಯೂನಾಗಳು ಮೇಲ್ಮೈಯಲ್ಲಿ ನೀರು ಕಲಕುತ್ತಿವೆ. ದೂರದಿಂದ ಟಿಕ್ ಟಿಕ್ ಶಬ್ದ ಹತ್ತಿರವಾಗುತ್ತಿದೆ: ಗಿರಕಿ ಹೊಡೆಯುವ ಸ್ಪಿನ್ನರ್ ಡಾಲ್ಫಿನ್‌ಗಳು ರಾತ್ರಿ ಊಟಕ್ಕೆ ಬಂದಿವೆ. ಅವುಗಳ ಶಬ್ದ ಕತ್ತಲೆಯನ್ನೂ ತೂರುತ್ತದೆ. ಹೊಟ್ಟೆಯ ದೀಪ ಅದಕ್ಕೇನು ಮಾಡೀತು?

ಮೀನು ಓರೆಯಾಗಿ ತಿರುಗಿತು. ತೋಳೊಂದು ಪಕ್ಕದಲ್ಲೇ ಹಾದುಹೋಯಿತು. ನಾಲ್ಕು ಹುರುಪೆ ಹೋದವು. ಹುರುಪೆ ಸಡಿಲವಿದ್ದದ್ದೇ ಒಳ್ಳೆಯದಾಯಿತು, ಹಿಡಿತಕ್ಕೆ ಸಿಕ್ಕಿದ್ದು ಅಷ್ಟೇ. ಪಕ್ಕದಲ್ಲಿದ್ದದ್ದು ಈಗ ಇಲ್ಲ. ಕತ್ತಲೆಯಲ್ಲಿ ಯಾವುದೋ ಬಾಲದ ಬುಡದಲ್ಲಿ ಬೆಳಕು ಫಕ್ಕನೆ ಮಿನುಗಿ ಆರಿತು. ಹಲವು ಲಾಟೀನು ಮೀನುಗಳಲ್ಲಿ ಗಂಡಿಗೆ ಬಾಲದ ಬುಡದ ಮೇಲ್ಗಡೆ, ಹೆಣ್ಣಿಗೆ ಕೆಳಗಡೆ ದೊಡ್ಡ ದೀಪವಿರುತ್ತದೆ. ಗಂಡೋ ಹೆಣ್ಣೋ ಎಂದು ತಿಳಿಸಲೋ, ಬೆನ್ನಟ್ಟುವವನ ಕಣ್ಣಿಗೆ ಕಾವಳ ಕವಿಸಲೋ. ಈ ಗದ್ದಲದಲ್ಲಿ ಎರಡನೆಯದೇ ಇರಬೇಕು. ನಮ್ಮ ಮೀನು ಐವತ್ತು ಮೀಟರಿಗೆ ಇಳಿದು, ಗುಂಪಿನ ನಡುವಿಗೆ ನುಗ್ಗಿ, ಮತ್ತೆ ತಿನ್ನತೊಡಗಿತು. ಹೆದರಿ ಕೂರುವಷ್ಟು ಬಿಡುವಿಲ್ಲ.

ಹತ್ತೂವರೆ ದಾಟಿತು. ಮೂಡಣದಲ್ಲಿ ಹೊಸ ಅಪಾಯ ಹುಟ್ಟಿತು. ಬಹುಳ ಪಕ್ಷದ ಚಂದ್ರ. ಅದೇ ಚಂದ್ರ ಮಲ್ಲಂದೂರಿನ ಮೇಲೂ ಬಂದಿರಬೇಕು, ಅಲ್ಲಿ ನಾಯಿ ಬೊಗಳಿದ್ದಷ್ಟೇ ಸುದ್ದಿ. ಇಲ್ಲಿ ಪದರಕ್ಕೆ ಪದರವೇ ಕುಸಿಯಿತು. ಬೆಳದಿಂಗಳು ನೀರೊಳಗೆ ಹತ್ತಾರು ಮೀಟರ್ ಇಳಿಯುತ್ತದೆ, ಅಷ್ಟು ಸಾಕು ಬೇಟೆಗಾರನಿಗೆ. ಹುಣ್ಣಿಮೆಯ ಸುತ್ತಮುತ್ತಲಿನ ದಿನಗಳಲ್ಲಿ ಲಾಟೀನು ಮೀನುಗಳು ಪೂರ್ತಿ ಮೇಲೆ ಬರುವ ಧೈರ್ಯ ಮಾಡುವುದು ಕಡಿಮೆ; ಬಂದವು ಹೊಟ್ಟೆ ದೀಪವನ್ನು ಚಂದ್ರನಿಗೆ ಸರಿಗಟ್ಟಬೇಕು. ಎಪ್ಪತ್ತು ಮೀಟರ್, ಎಂಬತ್ತು. ಅಲ್ಲಿ ಊಟ ತೆಳು. ಮೀನು ಕಾಯಿತು.

ಗಾಳಿ ತಿರುಗಿತು. ಮುಂಗಾರಿನ ಮುಂಚೂಣಿಯ ಮೋಡವೊಂದು ನೈರುತ್ಯದಿಂದ ಬಂದು ಚಂದ್ರನನ್ನು ಮುಚ್ಚಿತು. ಮತ್ತೆ ಏರು! ಮತ್ತೆ ಬೊಂಡಾಸ್, ಮತ್ತೆ ತಪ್ಪಿಸಿಕೊಳ್ಳುವುದು, ನುಂಗುವುದು.

ಆ ಮೋಡದ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಇನ್ನು ಕೆಲವೇ ದಿನಗಳಲ್ಲಿ ಅಂಥವು ಸಾಲುಗಟ್ಟಿ ಈ ನೀರಿನ ಮೇಲೆ ಹಾದು, ಇಲ್ಲಿಯ ಆವಿಯನ್ನು ಹೊತ್ತು, ಘಟ್ಟಕ್ಕೆ ಬಡಿದು ಮಲ್ಲಂದೂರಿನ ಮೇಲೆ ಜಡಿಮಳೆಯಾಗಿ ಕವುಚಿಕೊಳ್ಳುತ್ತವೆ. ಪಡುಗಡಲಿನಿಂದ ಬಂದ ನೀರು ಪಡುಗಡಲಿಗೆ ಮರಳುವುದೂ ಇಲ್ಲ. ಬಾಬಾಬುಡನ್ ಸಾಲಿನ ಮಡಿಲಿನ ಸೋಮವಾಹಿನಿ ಭದ್ರೆಗೆ, ಭದ್ರೆ ಕೂಡ್ಲಿಯಲ್ಲಿ ತುಂಗೆಗೆ, ತುಂಗಭದ್ರೆ ಕೃಷ್ಣೆಗೆ, ಕೃಷ್ಣೆ ಬಂಗಾಳ ಕೊಲ್ಲಿಗೆ. ಇನ್ವೆಸ್ಟಿಗೇಟರ್ ಎಂಬ ಸಮೀಕ್ಷಾ ಹಡಗಿನ ವೈದ್ಯ ಆಲ್ಫ್ರೆಡ್ ಆಲ್ಕಾಕ್ 1890ರಲ್ಲಿ ಈ ಮೀನನ್ನು ಮೊದಲ ಸಲ ವಿಜ್ಞಾನಕ್ಕೆ ಪರಿಚಯಿಸಿದ್ದು ಅದೇ ಕೊಲ್ಲಿಯಲ್ಲಿ ಸಿಕ್ಕ ಮಾದರಿಗಳಿಂದ. ಆತನ ಕಾಲದಲ್ಲಿ ಆಳಕ್ಕೆ ಬಲೆಯಿಳಿಸಿ ಮೇಲೆಳೆಯುವುದೇ ಗಂಟೆಗಟ್ಟಲೆ ಕೆಲಸ.

ಮುಂಗಾರು ಮೀನಿಗೆ ಸುಗ್ಗಿಯೂ ಹೌದು, ಗಂಡಾಂತರವೂ ಹೌದು. ಗಾಳಿ ಮೇಲಿನ ನೀರನ್ನು ದೂರ ತಳ್ಳುತ್ತದೆ, ಜಾಗ ತುಂಬಲು ಕೆಳಗಿನ ತಣ್ಣೀರು ಗೊಬ್ಬರ ಹೊತ್ತು ಮೇಲೇಳುತ್ತದೆ. ತೇಲುಜೀವಿಗಳು ಉಕ್ಕುತ್ತವೆ. ಜೊತೆಗೆ ಉಸಿರಿಲ್ಲದ ನೀರೂ ಖಂಡಾವರಣ ಹತ್ತಿ ದಡದತ್ತ ತೆವಳುತ್ತದೆ. ಮಳೆಗಾಲದ ಕೊನೆಗೆ ಕಾರವಾರ, ಗೋವಾ ಕಡೆಯ ಆಳವಿಲ್ಲದ ನೀರಿನಲ್ಲೂ ತಳದ ಆಮ್ಲಜನಕ ಮುಗಿದುಹೋಗುವುದನ್ನು ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ಎಸ್.ಡಬ್ಲ್ಯು.ಎ. ನಖ್ವಿ ಮತ್ತು ಜೊತೆಗಾರರು 2000ದಲ್ಲಿ ಪ್ರಕಟಿಸಿದರು. ಕೋಟೆಯ ಗೋಡೆ ಮೇಲೇರಿದರೆ ಒಳಗಿನವರಿಗೆ ಅಡಗಲು ಮಬ್ಬು ಸಾಲದು. ಬೆಳಕಿರುವ ನೀರಿಗೂ ಉಸಿರಿಲ್ಲದ ನೀರಿಗೂ ನಡುವಿನ ಸಂದು ಕಿರಿದಾಗುತ್ತದೆ, ಬೇಟೆಗಾರರೂ ಬೇಟೆಯೂ ಅದೇ ಸಂದಿನಲ್ಲಿ ಒತ್ತೊತ್ತಾಗಿ ನಿಲ್ಲಬೇಕಾಗುತ್ತದೆ. ಜೂನ್ 1ರಿಂದ 61 ದಿನ ಮೀನು ಹಿಡಿಯುವ ಯಂತ್ರದೋಣಿಗಳಿಗೆ ರಜೆ. ಬೊಂಡಾಸಿಗೆ ರಜೆಯಿಲ್ಲ.

ನಾಲ್ಕೂಮುಕ್ಕಾಲು. ಮೂಡಣ ಇನ್ನೂ ಕಪ್ಪು. ಮನುಷ್ಯನ ಕಣ್ಣಿಗೆ ಕಪ್ಪು. ಮೀನಿಗೆ ಗೊತ್ತಾಯಿತು.

ಇಳಿ!

ಹೊಟ್ಟೆ ತುಂಬಿ ಭಾರ, ಮೊಟ್ಟೆಯ ಭಾರ ಬೇರೆ. ತಲೆ ಕೆಳಗೆ ಮಾಡಿ ಧುಮುಕಿತು. ಇಳಿದಂತೆ ಗಾಳಿಚೀಲ ಕುಗ್ಗಿ ಮೈ ಇನ್ನೂ ಭಾರವಾಗಿ ತಾನಾಗಿ ಜಾರುತ್ತದೆ, ಅದೊಂದೇ ಈ ಹೊತ್ತಿನ ಅನುಕೂಲ. ಐವತ್ತು ಮೀಟರ್. ಮೇಲೆ ಟ್ಯೂನಾಗಳು ಕೊನೆಯ ಪಂಕ್ತಿಗೆ ಎರಗಿದವು. ನೂರು. ಒಂದು ಟ್ಯೂನಾ ಬೆನ್ನು ಬಿಡಲಿಲ್ಲ. ನಮ್ಮ ಮೀನು ಬಲಕ್ಕೆ, ಎಡಕ್ಕೆ, ಮತ್ತೆ ಕೆಳಕ್ಕೆ. ಬಾಯಿ ತೆರೆದ ನೆರಳು ಅದರ ಮೇಲೇ ಬಂತು. ನೂರಿಪ್ಪತ್ತು. ನೂರನಲವತ್ತು. ನೀರು ಥಟ್ಟನೆ ತಣ್ಣಗಾಯಿತು, ಕಿವಿರಿಗೆ ಉಸಿರು ಸಿಗುವುದು ನಿಂತಿತು. ಟ್ಯೂನಾ ಮೈ ತಿರುಚಿ ಮೇಲಕ್ಕೆ ಹೊರಟುಹೋಯಿತು.

ಮುಗಿಯಲಿಲ್ಲ. ಒಂದು ಬೊಂಡಾಸ್ ಟ್ಯೂನಾಕ್ಕಿಂತ ಹಟಮಾರಿ, ಈ ಪದರದೊಳಕ್ಕೂ ಒಂದಿಷ್ಟು ದೂರ ಬರಬಲ್ಲದು. ಬಂತು. ಆದರೆ ಚಿಮ್ಮುವುದಕ್ಕೆ ಉಸಿರು ಬೇಕು, ಒಂದು ಚಿಮ್ಮಿಗೂ ಇನ್ನೊಂದಕ್ಕೂ ನಡುವೆ ಸುಧಾರಿಸಿಕೊಳ್ಳಬೇಕು. ನೂರೆಪ್ಪತ್ತು. ಅದು ಚಿಮ್ಮಿತು, ತಪ್ಪಿತು. ಇನ್ನೂರು. ಮತ್ತೊಂದು ಚಿಮ್ಮು, ಈ ಸಲ ನಿಧಾನ. ತೋಳು ಬಾಲವನ್ನು ಸವರಿ ರೆಕ್ಕೆಯ ತುದಿ ಹರಿಯಿತು. ಮೀನಿನ ಸ್ನಾಯುಗಳು ಸೋಲುತ್ತಿದ್ದವು, ಒಂದೇ ಒಂದು ಸಲ ಜೋರಾಗಿ ಬಾಲ ಬಡಿಯುವಷ್ಟು ಶಕ್ತಿ ಉಳಿದಿತ್ತು. ಬಡಿಯಿತು. ಇನ್ನೂರಿಪ್ಪತ್ತು. ಬೊಂಡಾಸ್ ಅಲ್ಲೇ ತೇಲುತ್ತ ನಿಂತು, ಆಮೇಲೆ ಮೇಲಕ್ಕೆ ಸರಿಯಿತು.

ಮೇಲೆ ಬೆಳಗಾಗುವ ಹೊತ್ತಿಗೆ ಇನ್ನೂರೈವತ್ತು ಮೀಟರಿನ ಪದರ ಮತ್ತೆ ತುಂಬಿತ್ತು, ನಿನ್ನೆಗಿಂತ ತೆಳುವಾಗಿ. ರಾತ್ರಿ ನುಂಗಿದ ಕೊಪಿಪಾಡ್‌ಗಳು ಇನ್ನು ಇಲ್ಲೇ ಕರಗುತ್ತವೆ. ಮೇಲ್ಮೈ ಗಾಳಿಯಿಂದ ಹೀರಿದ ಇಂಗಾಲದ ಒಂದು ಪಾಲು ಹೀಗೆ ಹೊಟ್ಟೆಯೊಳಗೆ ಕೂತು ಆಳಕ್ಕೆ ಬಂದು ಇಲ್ಲಿಯೇ ವಿಸರ್ಜನೆಯಾಗುತ್ತದೆ. ಕೋಟಿಗಟ್ಟಲೆ ಮೀನುಗಳು ದಿನಾ ಮಾಡುವ ಈ ಸಾಗಾಣಿಕೆಗೆ ಕೂಲಿ ಕೊಟ್ಟವರಿಲ್ಲ.

ಹರಿದ ಬಾಲದ ಮೀನು ಓಟದಲ್ಲಿ ಮಾಡಿದ ಉಸಿರಿನ ಸಾಲ ಇಲ್ಲಿ ತೀರುವುದಿಲ್ಲ, ಸಂಜೆ ಮೇಲೆ ಹೋದಾಗಲೇ ತೀರಬೇಕು. ಅಲ್ಲಿಯವರೆಗೆ ಬಾಲ ಅಲುಗಿಸುವಂತಿಲ್ಲ. ಮೊಟ್ಟೆಗಳು ಬಲಿತಿವೆ. ಅವು ಒಡೆದು ಹೊರಬರುವ ಮರಿಗಳಿಗೆ ಈ ಕೋಟೆ ಗೊತ್ತಿರುವುದಿಲ್ಲ. ಮೊದಲ ದಿನಗಳನ್ನು ಅವು ಬೆಳಕಿರುವ ಮೇಲಿನ ನೀರಿನಲ್ಲೇ, ದೀಪವಿಲ್ಲದ ಪಾರದರ್ಶಕ ಮೈಯಲ್ಲಿ ಕಳೆಯಬೇಕು. ಹೊಟ್ಟೆಯಲ್ಲಿ ದೀಪಗಳು ಮೂಡಿದ ಮೇಲೆ ಇಳಿಯಲು ಕಲಿಯುತ್ತವೆ.